ಕ್ಲಿಯರೆನ್ಸ್ ಕೊಡುವವನ ಕಾರು

ಪರಭಾಷೆಯ ಪದಗಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಿನ ಮನುಷ್ಯ. ಬಸ್ಸು, ಟಿಕೆಟ್ಟು, ಲಗೇಜು ಇವುಗಳ ಬಗ್ಗೆ ನನ್ನ ಅಭ್ಯಂತರವಿಲ್ಲ. ಅವು ಬಂದವು, ತಮಗೊಂದು ಸೀಟು ಹಿಡಿದವು, ಇಂದಿಗೂ ಅದೇ ಸೀಟಿನಲ್ಲಿ ಮರ್ಯಾದೆಯಿಂದ ಕೂತಿವೆ. ಆದರೆ ಇನ್ನು ಕೆಲವು ಪದಗಳಿವೆ. ಒಂದು ಟಿಕೆಟ್ಟು ತೆಗೆದುಕೊಂಡು ಇಡೀ ಬಸ್ಸು ತಮ್ಮದೇ ಅನ್ನುವ ಹಾಗೆ ಓಡಾಡುತ್ತವೆ. ಈಗ ಮುಂದಿನ ಸೀಟಿನಲ್ಲಿ ಕಂಡವು ಮುಂದಿನ ನಿಲ್ದಾಣದಲ್ಲಿ ಹಿಂದಿನ ಸೀಟಿನಲ್ಲಿರುತ್ತವೆ. ಕೇಳಿದರೆ ನಮ್ಮನ್ನೇ ಗುರುತು ಸಿಗದವರ ಹಾಗೆ ನೋಡುತ್ತವೆ. ಅಂಥ ಪದಗಳ ಪೈಕಿ ನನ್ನನ್ನು ಬಹಳ ಕಾಡಿದ್ದು ಕ್ಲಿಯರೆನ್ಸ್.

ಮೊದಮೊದಲು ಅದು ನನ್ನ ಸ್ವಂತ ಪದವೆಂದೇ ನಾನು ತಿಳಿದಿದ್ದೆ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು ನಾನು. ಕಂಟ್ರೋಲರ್ ಎಂದರೆ ನಿಲ್ದಾಣದ ನಡುವಿನ ಸಣ್ಣ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವಾಗ ಹೊರಡಬೇಕು ಎಂದು ಹೇಳುವವನು. ಪಿರಿಯಾಪಟ್ಟಣದ ಬಸ್ಸಾಗಲಿ, ಕೆ.ಆರ್. ನಗರದ ಬಸ್ಸಾಗಲಿ, ನಾನು ಸೀಟಿ ಊದದೆ ಒಂದು ಗಾಲಿ ಹಿಂದಕ್ಕೆ ಉರುಳುತ್ತಿರಲಿಲ್ಲ. ಡ್ರೈವರುಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸಾ, ಕ್ಲಿಯರೆನ್ಸಾ?" ಎಂದು ಕೇಳುವರು. ನಾನು ಗೋಡೆಯ ಗಡಿಯಾರ ನೋಡುವೆ, ಆಮೇಲೆ ಅವರ ಮುಖ ನೋಡುವೆ, ಆಮೇಲೆ ಸೀಟಿ ಊದುವೆ. ಗಡಿಯಾರವನ್ನು ಒಂದು ಸಲ ನೋಡಿದರೆ ಸಾಲದೇ, ಮುಖವನ್ನು ಯಾಕೆ ನೋಡಬೇಕು ಎಂದು ಹೊಸ ಡ್ರೈವರೊಬ್ಬ ಕೇಳಿದ್ದ. ಅಧಿಕಾರ ಎನ್ನುವುದು ಆ ಎರಡನೇ ನೋಟದಲ್ಲಿ ಇರುತ್ತದೆ ಎಂದು ಅವನ ವಯಸ್ಸಿನವರಿಗೆ ಹೇಳಿ ತಿಳಿಸಲು ಆಗುವುದಿಲ್ಲ.

ನಿವೃತ್ತಿಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ಉಪ್ಪಿಟ್ಟು ಕೇಸರಿಬಾತು ಕೊಟ್ಟರು. ಹೊರಡುವಾಗ ಗುಮಾಸ್ತ ಹಿಂದಿನಿಂದ ಓಡಿ ಬಂದು, "ಸಾರ್, ಕ್ಲಿಯರೆನ್ಸ್ ಆಗ್ಬೇಕು, ಸೀಟಿ ವಾಪಸ್ ಕೊಟ್ಟಿಲ್ಲ" ಎಂದ. ಅಲ್ಲಿಯವರೆಗೆ ನಾನು ಕೊಡುತ್ತಿದ್ದ ವಸ್ತು ಅದು. ಅಂದು ಮೊದಲ ಬಾರಿಗೆ ನನಗೇ ಬೇಕಾಯಿತು. ಜೇಬಿನಿಂದ ತೆಗೆದು ಅವನ ಅಂಗೈ ಮೇಲೆ ಇಟ್ಟೆ. ಅವನು ಅದನ್ನು ಒರೆಸಿಕೊಂಡು ಒಳಗೆ ತೆಗೆದುಕೊಂಡು ಹೋದ.

ಆಮೇಲೆ ನೋಡಿದರೆ ಆ ಪದ ಎಲ್ಲ ಕಡೆ ಇತ್ತು. ನಮ್ಮ ಪೇಟೆ ಬೀದಿಯ ಬಟ್ಟೆ ಅಂಗಡಿಯ ಮುಂದೆ ಕ್ಲಿಯರೆನ್ಸ್ ಸೇಲ್ ಎಂಬ ಬೋರ್ಡು. ಆ ಬೋರ್ಡು ಬಿಸಿಲಿಗೆ ಮಾಸಿ, ಹೊಸ ಬೋರ್ಡು ಬರೆಸಿ, ಅದೂ ಮಾಸಿದೆ. ಅಂಗಡಿಯ ಸರಕು ಮಾತ್ರ ಇನ್ನೂ ಕ್ಲಿಯರ್ ಆಗಿಲ್ಲ. ಬ್ಯಾಂಕಿಗೆ ಹೋದರೆ ಚೆಕ್ಕಿಗೆ ಕ್ಲಿಯರೆನ್ಸ್ ಆಗಬೇಕಂತೆ. ಕಣ್ಣಿನ ಪೊರೆ ತೆಗೆಸಲು ಹೋದರೆ, ಹೃದಯದ ಡಾಕ್ಟರಿಂದ ಕ್ಲಿಯರೆನ್ಸ್ ತನ್ನಿ ಎಂದರು. ಪೊರೆ ಬಂದಿರುವುದು ಕಣ್ಣಿಗೆ, ಹೃದಯವನ್ನು ಯಾಕೆ ಕೇಳಬೇಕು ಎಂದು ವಾದಿಸಿ ನೋಡಿದೆ, ನಡೆಯಲಿಲ್ಲ. ಹೆಗ್ಗಡದೇವನಕೋಟೆ ಕಡೆ ಕಾಡಂಚಿನಲ್ಲಿ ಜಮೀನಿರುವ ಪರಿಚಯದವರೊಬ್ಬರು ನೀರಿನ ಪೈಪು ಎಳೆಯಲು ಹೊರಟು, "ಫಾರೆಸ್ಟ್ ಕ್ಲಿಯರೆನ್ಸ್ ಬಂದಿಲ್ಲ ಕಣ್ರೀ" ಎಂದು ಕಾಯುತ್ತಾ ಕೂತಿದ್ದಾರೆ. ಅವರ ಹೊಲಕ್ಕೆ ಬಂದು ಹೋಗುವ ಆನೆಗಳು ಯಾರ ಕ್ಲಿಯರೆನ್ಸಿಗೂ ಕಾಯುತ್ತಿಲ್ಲ.

ಹೀಗೆ ಬಿಟ್ಟರೆ ಆಗುವುದಿಲ್ಲ ಎಂದು ಒಂದು ದಿನ ನನ್ನ ಹಳೆಯ ನಿಘಂಟನ್ನು ತೆಗೆದು ಕೂತೆ. ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆಯಂತೆ. ಅಲ್ಲಿ ಅದರ ಅರ್ಥ ಬೆಳಕುಳ್ಳದ್ದು, ನಿಚ್ಚಳವಾದದ್ದು. ಅಲ್ಲಿಂದ ಫ್ರೆಂಚರ ಮನೆಗೆ ಬಂದು, ಅವರ ಮನೆಯಿಂದ ಇಂಗ್ಲಿಷರ ಮನೆಗೆ ಬಂತು. ಬೆಳಕಾಗಿ ಕಾಣಬೇಕಾದರೆ ಅಡ್ಡ ಇದ್ದದ್ದನ್ನು ತೆಗೆಯಬೇಕಲ್ಲ, ಆದ್ದರಿಂದ ಅಡ್ಡಿ ತೆಗೆಯುವುದು ಎಂಬ ಅರ್ಥ ಹುಟ್ಟಿತು. ಅಡ್ಡಿ ತೆಗೆದ ಮೇಲೆ ಹೋಗಬಹುದು ಎಂದು ಯಾರಾದರೂ ಹೇಳಬೇಕಲ್ಲ, ಆದ್ದರಿಂದ ಅನುಮತಿ ಎಂಬ ಅರ್ಥ ಬಂತು. ನನ್ನ ಸೀಟಿ ಇಲ್ಲಿಗೆ ಸೇರಿದ್ದು ಎಂದು ತಿಳಿದು ಸಮಾಧಾನವಾಯಿತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಅರ್ಥವಿತ್ತು. ಅಷ್ಟು ಸಣ್ಣ ಅಕ್ಷರದಲ್ಲಿ ಮುಖ್ಯವಾದದ್ದನ್ನು ಯಾರೂ ಅಚ್ಚು ಹಾಕುವುದಿಲ್ಲ ಎಂದು ಬಿಟ್ಟುಬಿಟ್ಟೆ.

ತಿಳಿದದ್ದನ್ನು ತಕ್ಷಣ ಇನ್ನೊಬ್ಬರಿಗೆ ತಿಳಿಸುವುದು ನನ್ನ ಅಭ್ಯಾಸ. ನಿಘಂಟನ್ನು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಹೋಗಿ, ನನ್ನ ಹೆಂಡತಿ ಜಯಮ್ಮನಿಗೆ ಲ್ಯಾಟಿನ್ನಿನಿಂದ ಶುರುಮಾಡಿದೆ. ನಮ್ಮ ಅಡುಗೆಮನೆಯ ಬಾಗಿಲು ಕಿರಿದು. ಮೇಸ್ತ್ರಿ ಅಳತೆ ತಪ್ಪಿದ್ದಾನೆ, ಒಡೆಸಿ ಅಗಲ ಮಾಡಿಸಬೇಕು ಎಂದು ನಾನು ಗೃಹಪ್ರವೇಶದ ದಿನದಿಂದಲೂ ಹೇಳುತ್ತಾ ಬಂದಿದ್ದೇನೆ. ನಾನು ಫ್ರೆಂಚರ ಮನೆ ತಲುಪುವ ಹೊತ್ತಿಗೆ ಜಯಮ್ಮ ಎರಡು ಕೈಯಲ್ಲೂ ಬಟ್ಟೆ ಹಿಡಿದು ಸಾರಿನ ಪಾತ್ರೆ ಎತ್ತಿಕೊಂಡು ಬಂದು ನನ್ನ ಮುಂದೆ ನಿಂತಿದ್ದಳು.

"ವಸಿ ಸಂದು ಬುಡ್ರೀ," ಎಂದಳು. "ಕೈ ಸುಡ್ತದೆ."

"ಇದನ್ನೇ ನಾನು ಹೇಳ್ತಿರೋದು, ಈ ಬಾಗಿಲು ಒಡೆಸದೆ ಆಗಲ್ಲ" ಎಂದೆ.

ಇಷ್ಟು ಪೀಠಿಕೆ ಯಾಕೆಂದರೆ, ಆ ಸಣ್ಣ ಅಕ್ಷರದ ಅರ್ಥ ಕೆಲವೇ ದಿನಗಳಲ್ಲಿ ನನ್ನ ಕಾರಿನ ಅಡಿಗೆ ಬಂದು ಸಿಕ್ಕಿಹಾಕಿಕೊಂಡಿತು.

ಕಾರಿನ ವಿಷಯ ಹೇಳಬೇಕು. ನಿವೃತ್ತಿಯಾದ ಮೇಲೆ ಒಂದು ಕಾರು ಕೊಂಡೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಬಸ್ಸು ಬಿಡುವವನಿಗೆ ಬಸ್ಸು ಓಡಿಸಲು ಬರಬೇಕು ಎಂಬ ನಿಯಮ ಎಲ್ಲೂ ಇರಲಿಲ್ಲ. ಓಡಿಸಲು ನನ್ನ ತಮ್ಮ ಪುಟ್ಟರಾಜು ಇದ್ದಾನೆ. ಪಕ್ಕದ ಬೀದಿಯಲ್ಲೇ ಮನೆ, ಟ್ರ್ಯಾಕ್ಟರು ಓಡಿಸಿ ಪಳಗಿದ ಕೈ. ಮೈಸೂರಿನಲ್ಲಿ ಒಬ್ಬ ಅಧಿಕಾರಿಯ ಮನೆಯಲ್ಲಿದ್ದ ಕಾರು ಅದು. ಉದ್ದನೆಯದು, ಬೂದು ಬಣ್ಣದ್ದು, ಒಂದು ಗೀರಿಲ್ಲ. ನಾನು ಟೈರು ನೋಡಿದೆ, ದೀಪ ನೋಡಿದೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯೇ ನೋಡಿದೆ, ಸೀಟಿನ ಕೆಳಗೆ ಕಡಲೆಕಾಯಿ ಸಿಪ್ಪೆ ಇದೆಯೇ ಎಂದೂ ನೋಡಿದೆ. ಬಗ್ಗಿ ಹೊಟ್ಟೆಯ ಕೆಳಗೆ ಮಾತ್ರ ನೋಡಲಿಲ್ಲ. ಹೆದ್ದಾರಿಯಲ್ಲಿ ಮೈಸೂರಿಗೆ ಹೋಗಿ ಬರುವಾಗ ಅದು ಕೆರೆಯ ಮೇಲೆ ಬಾತುಕೋಳಿ ಹೋದ ಹಾಗೆ ಹೋಗುತ್ತಿತ್ತು. ಹಳ್ಳಿಯ ರಸ್ತೆ ಅದಕ್ಕೆ ಗೊತ್ತಿರಲಿಲ್ಲ, ನನಗೂ ತೋಚಲಿಲ್ಲ.

ಪುಟ್ಟರಾಜುವಿನ ಮಗಳು ಪವಿತ್ರ. ಕೆ.ಆರ್. ನಗರದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಹೆಗ್ಗಡದೇವನಕೋಟೆ ರಸ್ತೆಯ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಿಂದ ಒಳಗೆ ಹೋಗುವ ಒಂದು ಊರಿನ ಹುಡುಗ ಗೊತ್ತಾಗಿದ್ದ. ಊರಿನ ಹೆಸರು ಹೇಳುವುದಿಲ್ಲ, ಈಗ ಅವರು ಬೀಗರು. ಹುಡುಗ ಹುಡುಗಿ ಒಪ್ಪಿ ಆಗಿತ್ತು. ಒಪ್ಪಿಗೆ ಎಷ್ಟರ ಮಟ್ಟಿಗೆ ಇತ್ತೆಂದರೆ ಪವಿತ್ರ ಊಟಕ್ಕೆ ಕೂತಾಗಲೂ ಫೋನು ಎಡಗೈಯಲ್ಲೇ ಇರುತ್ತಿತ್ತು. ಉಳಿದಿದ್ದು ಮನೆ ನೋಡುವ ಶಾಸ್ತ್ರ. ನಮ್ಮ ಕಡೆ ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ, ಊಟ ಮಾಡಿ ಬಂದರೆ ಅರ್ಧ ಮದುವೆ ಆದ ಹಾಗೆ. ಹುಡುಗಿ ಹೋಗುವ ಹಾಗಿಲ್ಲ. ಹೋಗುವವರು ಐದು ಜನ ಇರಬೇಕು, ಮೂರಾಗಬಾರದು, ನಾಲ್ಕಾಗಬಾರದು. ಪುಟ್ಟರಾಜು, ಅವನ ಹೆಂಡತಿ ಸುನಂದ, ಸುನಂದಳ ಅಣ್ಣ ನಂಜಪ್ಪ, ಜಯಮ್ಮ, ನಾನು.

ಕಷ್ಟ ಇದ್ದದ್ದು ಹುಡುಗನ ಅಜ್ಜಿಯ ವಿಷಯದಲ್ಲಿ. ಆ ಮನೆಯಲ್ಲಿ ಕೊನೆಯ ಮಾತು ಅವರದಂತೆ. ಮೊದಲು ಯಾವುದೋ ಹೆಣ್ಣಿನ ಕಡೆಯವರು ತಡವಾಗಿ, ರಾಹುಕಾಲದಲ್ಲಿ ಹೋಗಿದ್ದಕ್ಕೆ ಜಗಲಿಯಲ್ಲೇ ಕಾಫಿ ಕೊಟ್ಟು, ಹೊಸಿಲು ದಾಟಿಸದೆ ಕಳಿಸಿದ್ದರಂತೆ. ನಾವು ಹೋಗುವುದು ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಆಷಾಢ ಬೇರೆ ಹತ್ತಿರ ಬಂದಿತ್ತು. ಈ ಸಲ ತಪ್ಪಿದರೆ ಆಮೇಲೆ ಅಜ್ಜಿಯ ಮನಸ್ಸು ಎತ್ತ ತಿರುಗುವುದೋ ಯಾರಿಗೂ ಗೊತ್ತಿರಲಿಲ್ಲ. ಹೊರಡುವ ಬೆಳಗ್ಗೆ ಪವಿತ್ರ ಕಾರಿನ ಕಿಟಕಿಯ ಹತ್ತಿರ ಬಂದು ಬಗ್ಗಿದಳು.

"ದೊಡ್ಡಪ್ಪ, ಅಪ್ಪ ಜೀಪ್ ಮಾಡ್ಕೊಂಡೋಗಣ ಅಂತಿದ್ರು. ನಾನೇ ಬ್ಯಾಡ ಅಂದೆ. ಟೈಮಿಗೆ ಸರ್ಯಾಗಿ ಮುಟ್ಟಿಸೋರು ನೀವೊಬ್ರೇ. ತಪ್ಪಿಸ್ಬೇಡಿ ದೊಡ್ಡಪ್ಪ."

ಅವಳ ಕಣ್ಣು ತುಂಬಿತ್ತು. ನಾನು ಕೈಗಡಿಯಾರ ನೋಡಿದೆ, ಆಮೇಲೆ ಅವಳ ಮುಖ ನೋಡಿದೆ. "ರೈಟ್" ಎಂದೆ. ಪುಟ್ಟರಾಜು ಕಾರು ಬಿಟ್ಟ.

ಮುಂದೆ ನಾನು, ಹಿಂದೆ ಮೂವರು. ಡಿಕ್ಕಿಯಲ್ಲಿ ಬಾಳೆಗೊನೆ, ತೆಂಗಿನಕಾಯಿ, ಸಿಹಿ, ಜೊತೆಗೆ ನಂಜಪ್ಪ ತನ್ನ ತೋಟದಿಂದ ತಂದ ಎರಡು ಹಲಸಿನ ಹಣ್ಣು. ಹಲಸು ಬೇಡ ಎಂದು ನಾನು ಹೇಳಿದ್ದೆ. "ಸೋದರಮಾವ ಬರಿಗೈಲಿ ಓದ್ರೆ ಏನ್ ಚೆಂದ ಬಾವ?" ಎಂದು ಇಟ್ಟುಬಿಟ್ಟಿದ್ದ. ರಸ್ತೆಯ ಎರಡೂ ಬದಿ ಹೊಗೆಸೊಪ್ಪಿನ ಗಿಡಗಳು ಮೊಣಕಾಲೆತ್ತರ ಎದ್ದು ನಿಂತಿದ್ದವು. ಗುರುಪುರ ದಾಟುವವರೆಗೆ ಎಲ್ಲವೂ ವೇಳೆಗೆ ಸರಿಯಾಗಿತ್ತು. ಅದರ ಮುಂದಿನ ಹಳ್ಳಿಯ ಬಾಗಿಲಲ್ಲಿ ಕಾರಿನ ಅಡಿಯಿಂದ ಗರ್ರ್ ಎಂದು ಒಂದು ಸದ್ದು ಬಂತು. ರಾಗಿ ಕಲ್ಲಿಗೆ ಮರಳು ಹಾಕಿ ಬೀಸಿದ ಹಾಗೆ.

"ಅಣ್ಣಾ, ಉಬ್ಬಿಗೆ ತಳ ತಗುಲ್ತು," ಎಂದ ಪುಟ್ಟರಾಜು. "ಈ ಕಾರ್ಗೆ ಗ್ರೌಂಡ್ ಕ್ಲಿಯರೆನ್ಸ್ ಕಮ್ಮಿ ಕಣಣ್ಣ."

ನಾನು ಅವನ ಮುಖ ನೋಡಿದೆ. ಆ ಪದ ಇಲ್ಲಿಗೂ ಬಂದು ಕೂತಿತ್ತು.

ನಮ್ಮ ಸೀಮೆಯ ರಸ್ತೆಯುಬ್ಬುಗಳ ವಿಷಯ ಹೊರಗಿನವರಿಗೆ ತಿಳಿದಿರಲಾರದು. ಸರ್ಕಾರ ಹಾಕಿದ ಉಬ್ಬುಗಳು ಕೆಲವು ಇವೆ. ಅವಕ್ಕೆ ಒಂದು ಆಕಾರ, ಬಣ್ಣದ ಪಟ್ಟೆ ಎಲ್ಲ ಇರುತ್ತದೆ. ಮಿಕ್ಕವು ಊರಿನವರು ಹಾಕಿದವು. ಯಾರದೋ ಬೈಕು ಯಾರದೋ ಕೋಳಿಯ ಮೇಲೆ ಹೋಗುತ್ತದೆ. ಸಂಜೆ ಪಂಚಾಯ್ತಿ ಸೇರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ರಸ್ತೆಗೆ ಅಡ್ಡಲಾಗಿ ಮಣ್ಣು, ಜಲ್ಲಿ, ಒಡೆದ ಇಟ್ಟಿಗೆ ಸೇರಿ ಒಂದು ದಿಣ್ಣೆ ಎದ್ದಿರುತ್ತದೆ. ಮುಂದಿನ ಊರಿನವರು ಅದನ್ನು ನೋಡಿ, ಅವರಿಗಿಂತ ನಾವೇನು ಕಮ್ಮಿ ಎಂದು ಎರಡು ಹಾಕುತ್ತಾರೆ. ಈಚೆಗೆ ಮನೆಗೊಂದು ಹಾಕಿಸಿಕೊಳ್ಳುವುದೂ ಶುರುವಾಗಿದೆ. ಮನೆ ಮುಂದೆ ಉಬ್ಬು ಇದ್ದರೆ ಆ ಮನೆಗೆ ಊರಿನಲ್ಲಿ ಮಾತು ನಡೆಯುತ್ತದೆ ಎಂದು ಅರ್ಥ. ಎತ್ತರದ ಮೇಲೆ ಅಂತಸ್ತು ಗೊತ್ತಾಗುತ್ತದೆ.

ಸಮಸ್ಯೆ ಬಂದಾಗ ಗಾಬರಿಯಾಗದೆ ಒಂದು ಕ್ರಮ ರೂಪಿಸುವುದು ನನ್ನ ಕಸುಬು. ಎರಡು ನಿಮಿಷದಲ್ಲಿ ರೂಪಿಸಿದೆ. ಉಬ್ಬು ಬಂದ ಕೂಡಲೇ ಕಾರು ನಿಲ್ಲಬೇಕು. ಹಿಂದಿನ ಮೂವರು ಎಡಗಡೆಯ ಬಾಗಿಲಿನಿಂದ, ಬಾಗಿಲ ಹತ್ತಿರ ಇರುವವರು ಮೊದಲು, ನೂಕುನುಗ್ಗಲಿಲ್ಲದೆ ಇಳಿಯಬೇಕು. ನಡೆದು ಉಬ್ಬು ದಾಟಬೇಕು. ಹಗುರಾದ ಕಾರು ದಾಟಿ ಬಂದು ನಿಲ್ಲುತ್ತದೆ. ಇಳಿದ ಕ್ರಮಕ್ಕೆ ಹಿಂದುಮುಂದಾಗಿ ಹತ್ತಬೇಕು. ಮೊದಲ ಉಬ್ಬಿನಲ್ಲಿ ಸುನಂದಳ ರೇಷ್ಮೆ ಸೀರೆಯ ಸೆರಗು ಬಾಗಿಲಿಗೆ ಸಿಕ್ಕಿ ಸ್ವಲ್ಪ ತಡವಾಯಿತು. ಎರಡನೆಯದರಲ್ಲಿ ಸುಧಾರಿಸಿದರು. ಮೂರನೆಯದರಲ್ಲಿ ನೋಡಬೇಕಿತ್ತು, ಕವಾಯತಿನ ಹಾಗೆ ಇಳಿದರು.

ಮೂರನೆಯ ಉಬ್ಬಿನ ಪಕ್ಕ ಒಂದು ಟೀ ಅಂಗಡಿ ಇತ್ತು. ಬೆಂಚಿನ ಮೇಲೆ ಕೂತಿದ್ದ ನಾಲ್ಕಾರು ಜನ ಲೋಟ ಹಿಡಿದುಕೊಂಡೇ ಎದ್ದು ನಿಂತರು.

"ಯಾಕ್ ಗೌಡ್ರೇ, ಕಾರ್ ಕೆಟ್ಟೋಯ್ತಾ? ತಳ್ಳದಾ?" ಎಂದು ಅಂಗಡಿಯವನು ಕೇಳಿದ.

"ಕಾರ್ ಚೆನ್ನಾಗೈತೆ ಕಣಪ್ಪಾ," ಎಂದ ನಂಜಪ್ಪ, ಬಿಳಿ ಪಂಚೆ ಎತ್ತಿ ಕಟ್ಟಿಕೊಂಡು ಉಬ್ಬು ದಾಟುತ್ತಾ. "ನಮ್ ಬಾವ್ರುದು. ನಾವು ಇಳ್ದು ಹತ್ತಬೇಕು, ಅದು ಪದ್ಧತಿ."

"ಅಂಗಾದ್ರೆ ನಡ್ಕಂಡೇ ಓಗ್ಬೋದಿತ್ತಲ್ಲಾ?"

"ನಡ್ಕಂಡೇ ಓಯ್ತಾ ಇರದು. ಕಾರು ಜೊತೇಲಿ ಬತ್ತಾ ಅದೆ ಅಷ್ಟೆ."

ಮುಂದಿನ ಊರಿನಲ್ಲಿ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಒಬ್ಬ ಹೆಂಗಸು, ರೇಷ್ಮೆ ಸೀರೆಯುಟ್ಟ ಇಬ್ಬರು ಒಂದಾದ ಮೇಲೊಂದು ಉಬ್ಬುಗಳ ಬಳಿ ಇಳಿದು ನಡೆಯುವುದನ್ನು ಕಂಡು, "ದೇವ್ರಿಗೆ ಅರಕೆ ಕಟ್ಕಂಡಿದ್ದೀರಾ ಅವ್ವ?" ಎಂದು ಭಕ್ತಿಯಿಂದ ಕೇಳಿದಳು.

"ಊ ಕಣವ್ವ," ಎಂದಳು ಜಯಮ್ಮ. "ದೇವ್ರು ಮುಂದ್ಗಡೆ ಸೀಟಲ್ಲಿ ಕೂತವ್ರೆ."

ಆ ಹೆಂಗಸು ಕಾರಿನೊಳಗೆ ಬಗ್ಗಿ ನನ್ನನ್ನು ನೋಡಿದಳು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಕ್ರಮ ಚೆನ್ನಾಗಿಯೇ ಇತ್ತು. ಆದರೆ ಹಿಂದಿನವರೆಲ್ಲ ಇಳಿದ ಮೇಲೂ ದೊಡ್ಡ ಉಬ್ಬುಗಳಲ್ಲಿ ಆ ಗರ್ರ್ ಸದ್ದು ಬರುತ್ತಲೇ ಇತ್ತು. ನಾನು ಕೂಡಲೇ ಕಾರಣ ಕಂಡುಹಿಡಿದೆ: ಹಲಸಿನ ಹಣ್ಣು. ಡಿಕ್ಕಿ ತೆಗೆಸಿ ಹಲಸನ್ನೂ ಇಳಿಸಲು ಹೇಳಿದೆ. ತಾನೇ ತಂದ ಹಣ್ಣಾದ್ದರಿಂದ ನಂಜಪ್ಪ ಒಂದನ್ನು ಹೆಗಲ ಮೇಲೆ ಹೊತ್ತ. ಇನ್ನೊಂದನ್ನು ಸುನಂದ ಮತ್ತು ಜಯಮ್ಮ ಎರಡು ಕಡೆ ಹಿಡಿದುಕೊಂಡರು. ಹಲಸಿಲ್ಲದ ಕಾರು ಉಬ್ಬನ್ನು ಹತ್ತಿತು. ಗರ್ರ್ ಎಂದಿತು.

"ಬಾವ," ಎಂದ ನಂಜಪ್ಪ, ಹಲಸನ್ನು ಹೊತ್ತುಕೊಂಡೇ ನನ್ನ ಕಿಟಕಿಯ ಹತ್ತಿರ ಬಂದು. "ಬೇಜಾರ್ ಮಾಡ್ಕಬ್ಯಾಡಿ. ನೀವೂ ವಸಿ ಇಳ್ದು ನೋಡ್ಬೋದಲ್ವಾ?"

"ಸದ್ದು ಎಲ್ಲಿಂದ ಬರ್ತದೆ ಅಂತ ಒಳಗಡೆ ಕೂತು ಕೇಳೋಕೆ ಒಬ್ಬರು ಬೇಕು ನಂಜಪ್ಪ," ಎಂದೆ. "ಎಲ್ಲರೂ ಇಳಿದರೆ ಮೇಲ್ವಿಚಾರಣೆ ಯಾರು ಮಾಡೋದು?"

ಇದು ಸುಳ್ಳಲ್ಲ. ನಿಲ್ದಾಣದಲ್ಲಿ ಸಾವಿರಾರು ಜನ ಹತ್ತಿ ಇಳಿದಿದ್ದಾರೆ. ಕಂಟ್ರೋಲರ್ ತನ್ನ ಗೂಡಿನಿಂದ ಎದ್ದು ಅವರ ಜೊತೆ ಹತ್ತಿ ಇಳಿದದ್ದನ್ನು ಯಾರಾದರೂ ಕಂಡಿದ್ದಾರೆಯೇ? ಇನ್ನು ತೂಕದ ಮಾತು. ನಾನು ದಪ್ಪ ಇಲ್ಲ. ನನ್ನದು ದೊಡ್ಡ ಮೂಳೆ. ರಾತ್ರಿ ಒಂದೇ ಮುದ್ದೆ ಉಣ್ಣುತ್ತೇನೆ. ಆ ಮುದ್ದೆಯ ಗಾತ್ರ ಜಯಮ್ಮನ ಇಲಾಖೆ. ನಾನು ಜಯಮ್ಮನ ಮುಖ ನೋಡಿದೆ. ಅವಳು ಏನೂ ಹೇಳಲಿಲ್ಲ. ಮದುವೆಯಾದಾಗಿನಿಂದ ಅವಳು ಏನೂ ಹೇಳದಿದ್ದಾಗಲೆಲ್ಲ ಒಪ್ಪಿಕೊಂಡಿದ್ದಾಳೆ ಎಂದೇ ನಾನು ತಿಳಿದುಕೊಂಡು ಬಂದಿದ್ದೇನೆ.

ಇಳಿದು ಹತ್ತಿ, ಇಳಿದು ಹತ್ತಿ ಹ್ಯಾಂಡ್‌ಪೋಸ್ಟ್ ಮುಟ್ಟುವಾಗ ಹತ್ತು ಗಂಟೆ ಆಗಿಹೋಗಿತ್ತು. ನನ್ನ ಜೀವನದಲ್ಲಿ ಒಂದು ವಾಹನ ನನ್ನ ಕಣ್ಣೆದುರಿಗೆ ಇಷ್ಟು ತಡವಾಗಿ ಓಡಿದ್ದು ಅದೇ ಮೊದಲು. ಯಾರ ಮೇಲೆ ರಿಪೋರ್ಟು ಬರೆಯುವುದೋ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಸುನಂದಳ ಫೋನು ಬಡಿದುಕೊಳ್ಳುತ್ತಿತ್ತು, ಮಾಡಿದವಳು ಪವಿತ್ರ. ಸುನಂದ ಅದನ್ನು ಎತ್ತಿಕೊಂಡು, "ಬಂದೇ ಬುಟ್ಟೋ ಕಣವ್ವ, ಬಂದೇ ಬುಟ್ಟೋ" ಎಂದು ಅಳುವ ದನಿಯಲ್ಲಿ ಹೇಳಿ ಇಟ್ಟಳು. ಆಮೇಲೆ ಮೆಲ್ಲಗೆ, ಯಾರಿಗೂ ಅಲ್ಲ ಅನ್ನುವ ಹಾಗೆ, "ಜೀಪಲ್ಲಿ ಬಂದಿದ್ರೆ ಇಷ್ಟೊತ್ಗೆ ಕಾಪಿ ಕುಡೀತಿದ್ದೋ" ಎಂದಳು. ನನ್ನ ತಮ್ಮನ ಹೆಂಡತಿ ನನ್ನ ಎದುರು ಎಂದೂ ಹಾಗೆ ಮಾತಾಡಿದವಳಲ್ಲ.

ಊರು ಬಂತು. ಬೀದಿಯ ಕೊನೆಯಲ್ಲಿ ಮನೆ ಕಾಣಿಸಿತು: ಹೊಸದಾಗಿ ಸುಣ್ಣ ಹೊಡೆದ ಗೋಡೆ, ಬಾಗಿಲಿಗೆ ಮಾವಿನ ತೋರಣ, ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಅಜ್ಜಿ, ಮೆಟ್ಟಿಲ ಬಳಿ ಕೈಕಾಲು ತೊಳೆಯಲು ನೀರಿನ ಚೊಂಬು ಹಿಡಿದು ನಿಂತ ಹುಡುಗನ ಅಪ್ಪ. ರಾಹುಕಾಲಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಆ ಮನೆಗೂ ನಮಗೂ ನಡುವೆ ಒಂದು ಉಬ್ಬು ಇತ್ತು. ಅಂಥ ಉಬ್ಬನ್ನು ನಾನು ದಾರಿಯಲ್ಲಿ ಎಲ್ಲೂ ಕಂಡಿರಲಿಲ್ಲ. ಅದಕ್ಕೂ ಸುಣ್ಣ ಬಳಿದಿದ್ದರು. ಆ ಮನೆಯ ಮಾತು ಊರಿನಲ್ಲಿ ಎಷ್ಟು ನಡೆಯುತ್ತದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಪುಟ್ಟರಾಜು ಕಾರು ನಿಲ್ಲಿಸಿದ. ಹಿಂದಿನವರು ರೂಢಿಯಂತೆ ಬಾಗಿಲಿಗೆ ಕೈ ಹಾಕಿದರು.

"ಯಾರೂ ಇಳಿಯಬೇಡಿ," ಎಂದೆ. ಬೀಗರಾಗುವವರ ಕಣ್ಣೆದುರಿಗೆ ಹೆಣ್ಣಿನ ಕಡೆಯವರು ಹಲಸಿನ ಹಣ್ಣು ಹೊತ್ತುಕೊಂಡು ಕಾರಿನ ಪಕ್ಕ ನಡೆಯುವುದೆಂದರೇನು? ನಮಗೂ ಒಂದು ಮರ್ಯಾದೆ ಬೇಡವೇ? "ಪುಟ್ಟರಾಜು, ನಿಧಾನಕ್ಕೆ ಹತ್ತಿಸು."

"ಅಣ್ಣಾ, ಆಗಲ್ಲ ಕಣಣ್ಣ."

"ಹತ್ತಿಸು ಅಂದ್ನಲ್ಲ."

ಅವನು ಹತ್ತಿಸಿದ. ಮುಂದಿನ ಗಾಲಿಗಳು ಆ ಕಡೆ ಇಳಿದವು. ಹಿಂದಿನ ಗಾಲಿಗಳು ಈ ಕಡೆ ಉಳಿದವು. ನಡುವೆ ಕಾರಿನ ಹೊಟ್ಟೆ ಉಬ್ಬಿನ ಮೇಲೆ ಕೋಳಿ ಕಾವಿಗೆ ಕೂತ ಹಾಗೆ ಕೂತುಬಿಟ್ಟಿತು. ಮುಂದಕ್ಕೆ ಒತ್ತಿದರೆ ಗಾಲಿ ಸುತ್ತಿ ಧೂಳು, ಹಿಂದಕ್ಕೆ ಒತ್ತಿದರೆ ಗಾಲಿ ಸುತ್ತಿ ಧೂಳು. ಹುಡುಗನ ಅಪ್ಪ ಚೊಂಬು ಕೆಳಗಿಟ್ಟು ಓಡಿ ಬಂದರು. ಪಕ್ಕದ ಮನೆಗಳಿಂದ ನಾಲ್ಕು ಜನ ಬಂದರು. ಹಿಂದಿನ ಮೂವರು ನನ್ನ ಅಪ್ಪಣೆಗೆ ಕಾಯದೆ ಇಳಿದರು. ಹಲಸನ್ನು ಯಾರೂ ಹೇಳದೆಯೇ ಇಳಿಸಿದರು. ಎಲ್ಲರೂ ಸೇರಿ ತಳ್ಳಿದರು. ಕಾರು ಅಲ್ಲಾಡಲಿಲ್ಲ. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ, "ಎಡಗಡೆಯವರು ಇನ್ನೂ ಸ್ವಲ್ಪ, ಬಲಗಡೆಯವರು ತಾಳಿ" ಎಂದು ತಳ್ಳುವವರಿಗೆ ಅನುಕೂಲವಾಗುವಂತೆ ಸೂಚನೆ ಕೊಡುತ್ತಿದ್ದೆ.

ಅಷ್ಟರಲ್ಲಿ ಒಂದು ಊರುಗೋಲು ನನ್ನ ಬಾಗಿಲಿಗೆ ಎರಡು ಸಲ ತಟ್ಟಿತು. ಅಜ್ಜಿ ಬಂದು ನಿಂತಿದ್ದರು. ಸಣ್ಣ ಮೈ, ದೊಡ್ಡ ಕುಂಕುಮ.

"ಯಜಮಾನ್ರೇ," ಎಂದರು. "ಇನ್ನೇನ್ ರಾವುಕಾಲ ಬಂದ್ಬುಡ್ತದೆ. ಎಲ್ರೂ ಇಳ್ದವ್ರೆ. ನೀವೊಬ್ರು ಇಳೀರಪ್ಪ, ಅದು ತಾನೇ ಓಯ್ತದೆ."

ನಾನು ಅಜ್ಜಿಯ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು. ಆ ಎರಡನೇ ನೋಟ ನನಗಿಂತ ಅವರಿಗೆ ಚೆನ್ನಾಗಿ ಬರುತ್ತಿತ್ತು. ನಾನು ಬಾಗಿಲು ತೆಗೆದು ಇಳಿದೆ. ಒಂದು ಕಾಲು ನೆಲಕ್ಕೆ ಇಟ್ಟೆ, ಇನ್ನೊಂದನ್ನೂ ಇಟ್ಟೆ. ಕಾರು ದೀರ್ಘವಾಗಿ ಉಸಿರು ಬಿಟ್ಟ ಹಾಗೆ ಮೇಲೆದ್ದಿತು. ಯಾರೂ ತಳ್ಳಲಿಲ್ಲ. ಪುಟ್ಟರಾಜು ಕಾಲು ಮುಟ್ಟಿಸಿದಷ್ಟಕ್ಕೇ ಸದ್ದಿಲ್ಲದೆ ಉಬ್ಬು ದಾಟಿ ಹೋಗಿ ತೋರಣದ ಮುಂದೆ ನಿಂತಿತು. ಊರಿನವರು ಕಾರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಂಜಪ್ಪ ಹಲಸಿನ ಹಣ್ಣಿನ ಹಿಂದೆ ಮುಖ ಮರೆಮಾಡಿಕೊಂಡಿದ್ದ, ಹಣ್ಣು ಕುಲುಕುತ್ತಿತ್ತು.

ಹೊಸಿಲನ್ನು ರಾಹುಕಾಲಕ್ಕೆ ಮೊದಲೇ ದಾಟಿದೆವು. ಮನೆ ನೋಡಿದೆವು. ಕೊಟ್ಟಿಗೆ, ಹಿತ್ತಿಲು, ಬಚ್ಚಲು ಎಲ್ಲವನ್ನೂ ತೋರಿಸಿದರು. ಯಾರ ತಲೆಗೂ ಏನೂ ಹೋಗುತ್ತಿರಲಿಲ್ಲ. ಎಲ್ಲರ ಕಣ್ಣೂ ಅಜ್ಜಿಯ ಮೇಲಿತ್ತು. ಊಟ ಮುಗಿದು ಎಲೆ ಅಡಿಕೆ ತಟ್ಟೆ ಬಂದ ಮೇಲೆ ಅವರು ಮಾತಾಡಿದರು.

"ದಾರೀಲಿ ಟೀ ಅಂಗಡಿ ಸಿಕ್ತಲ್ಲ, ಅವ್ನು ನಮ್ ತಂಗಿ ಮಗ. ಆಗ್ಲೇ ಪೋನ್ ಮಾಡಿದ್ದ. ಯಾರೋ ರೇಷ್ಮೆ ಸೀರೆ ಉಟ್ಕಂಡು ಉಬ್ಬುಬ್ಬಿಗೂ ಇಳ್ದು, ತಮಾಸೆ ಮಾಡ್ಕಂಡು ನಡೀತಾವ್ರೆ ದೊಡ್ಡವ್ವ, ನಿಮ್ ಮನೆ ಕಡೇಗೇ ಬತ್ತಾ ಅವ್ರೆ ಅಂತ." ಸುನಂದ ತಲೆ ತಗ್ಗಿಸಿದಳು. ಅಜ್ಜಿ ಮುಂದುವರಿಸಿದರು. "ನಮ್ ಮನೇಲಿ ಎಲ್ಲಾ ನಾನೇಳ್ದಂಗೆ ನಡೀಬೇಕು. ನನ್ ಕೈಕೆಳ್ಗೆ ಬಾಳದು ಕಷ್ಟ ಅಂತ ನಂಗೊತ್ತು. ಇಷ್ಟು ಇಳ್ದು ಹತ್ತಿ ಮಾಡ್ಕಂಡೂ ನಗ್ತಾ ಬಂದ ಮನೆ ಹೆಣ್ಣು ಬಾಳ್ತಾಳೆ. ಆಷಾಢಕ್ ಮುಂಚೆ ಶಾಸ್ತ್ರ ಮುಗುಸ್ಬುಡಿ."

ಸುನಂದ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪುಟ್ಟರಾಜು ಎದ್ದು ಹಿತ್ತಿಲಿಗೆ ಹೋದ. ಮಗಳಿಗೆ ಫೋನು ಮಾಡಲು ಎಂದು ಎಲ್ಲರಿಗೂ ಗೊತ್ತಾಯಿತು. ಅಜ್ಜಿ ನನ್ನ ಕಡೆ ತಿರುಗಿದರು.

"ನೀವು ಹುಡ್ಗಿಗೆ ಏನಾಗ್ಬೇಕು?"

"ದೊಡ್ಡಪ್ಪ" ಎಂದೆ.

"ಒಂದೇ ಮನೇಲಿ ಇರೋದಾ?"

"ಇಲ್ಲ, ಪಕ್ಕದ ಬೀದಿ."

"ಊ," ಎಂದು ಅಜ್ಜಿ ಅಡಿಕೆ ಬಾಯಿಗೆ ಹಾಕಿಕೊಂಡರು. "ದಿನಾ ಸಿಗೋರಲ್ಲ. ಆಗ್ಲಿ ಬುಡಿ."

ಜಯಮ್ಮನಿಗೆ ಆಗ ಯಾಕೋ ಕೆಮ್ಮು ಬಂತು. ನೀರು ತಂದುಕೊಟ್ಟರು.

ಹಿಂದಿರುಗುವಾಗ ನಾನು ಉಬ್ಬು ದಾಟಿ ಆಚೆ ನಿಂತು ಕಾರು ಹತ್ತಿದೆ. ಹ್ಯಾಂಡ್‌ಪೋಸ್ಟ್ ಬಂದಾಗ ಪುಟ್ಟರಾಜು ಕಾರು ನಿಲ್ಲಿಸಿದ. ಇಲ್ಲಿ ಉಬ್ಬು ಇಲ್ಲವಲ್ಲ ಎಂದೆ. ಅವನು ಕನ್ನಡಿಯಲ್ಲಿ ಅತ್ತಿಗೆಯ ಮುಖ ನೋಡಿದ.

"ಬಸ್ ನಿಂತದೆ ನೋಡಿ," ಎಂದಳು ಜಯಮ್ಮ. "ಹುಣ್ಸೂರುದು. ಖಾಲಿ ಅದೆ. ನಿಮ್ಗೆ ಬಸ್ಸೇ ಚೆಂದ."

ನಾನು ಇಳಿದೆ. ನಂಜಪ್ಪ ಮುಂದಿನ ಸೀಟಿಗೆ ಬಂದು, "ಬರ್ಲಾ ಬಾವ" ಎಂದು ಮರ್ಯಾದೆಯ ದನಿಯಲ್ಲಿ ಹೇಳಿ ಬಾಗಿಲು ಹಾಕಿಕೊಂಡ. ಬಸ್ಸು ವೇಳೆಗೆ ಹೊರಡಲಿಲ್ಲ. ನಾನು ಡ್ರೈವರಿಗೆ ಗಡಿಯಾರ ತೋರಿಸಿದೆ. ಅವನು, "ಕೂತ್ಕಳಿ ಸಾ, ಓಗಣ" ಎಂದ. ಕೊನೆಗೆ ಹೊರಟಿತು. ಗುರುಪುರಕ್ಕೆ ಮೊದಲು ಆ ಟೀ ಅಂಗಡಿಯ ಮುಂದೆ ನಮ್ಮ ಕಾರು ನಿಂತಿತ್ತು, ಎಲ್ಲರೂ ಟೀ ಕುಡಿದು ಹೊರಡುತ್ತಿದ್ದರು. ಬಸ್ಸು ಜನ ಹತ್ತಿಸಿಕೊಳ್ಳಲು ನಿಂತಾಗ ನಾನು ಕಿಟಕಿಯಿಂದ ನೋಡಿದೆ. ಕಾರಿನಲ್ಲಿ ನಾಲ್ವರೂ ಕೂತರು. ಕಾರು ಉಬ್ಬನ್ನು ಹತ್ತಿತು. ಯಾರೂ ಇಳಿಯಲಿಲ್ಲ. ನಾನು ಕಿವಿಗೊಟ್ಟು ಕೇಳಿದೆ. ಸದ್ದು ಬರಲಿಲ್ಲ, ಒಳಗಿನಿಂದ ನಗು ಮಾತ್ರ ಬಂತು. ನನ್ನ ಬಲಗೈ ತಾನಾಗಿಯೇ ಶರಟಿನ ಜೇಬಿಗೆ ಹೋಯಿತು. ಸೀಟಿ ಇರಲಿಲ್ಲ. ಕಾರು ಯಾರ ಸೀಟಿಗೂ ಕಾಯದೆ ಹೊರಟುಹೋಯಿತು.

ಮನೆಗೆ ಬಂದವನು ಮೊದಲು ನಿಘಂಟು ತೆಗೆದೆ. ಕನ್ನಡಕ ಒರೆಸಿಕೊಂಡು ಆ ಸಣ್ಣ ಅಕ್ಷರದ ಅರ್ಥ ಓದಿದೆ. ಚಲಿಸುವ ಒಂದು ವಸ್ತುವಿಗೂ ಅದರ ಪಕ್ಕ ಅಲುಗದೆ ಇರುವ ಇನ್ನೊಂದು ವಸ್ತುವಿಗೂ ನಡುವೆ, ಒಂದಕ್ಕೊಂದು ತಾಗದ ಹಾಗೆ ಬಿಟ್ಟ ಜಾಗ ಎಂದಿತ್ತು. ಇದನ್ನು ಜಯಮ್ಮನಿಗೆ ಹೇಳಲೇಬೇಕು ಎಂದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅವಳು ಬಟ್ಟೆ ಹಿಡಿದು ಸಾರಿನ ಪಾತ್ರೆ ಎತ್ತಿಕೊಂಡು ಬರುತ್ತಿದ್ದಳು. ನಾನು ಬಾಯಿ ತೆರೆದೆ. ಅವಳು ನನ್ನ ಮುಖ ನೋಡಿದಳು.

ನಾನು ಸರಿದು ನಿಂತೆ. ಪಾತ್ರೆ ಹೋಯಿತು, ಅದರ ಹಿಂದೆ ಜಯಮ್ಮನೂ ಹೋದಳು. ಎರಡೂ ಕಡೆ ಧಾರಾಳವಾಗಿ ಜಾಗ ಉಳಿಯಿತು. ಮೇಸ್ತ್ರಿ ಅಳತೆ ತಪ್ಪಿದ್ದಾನೆ ಎಂದು ಇನ್ನು ಮುಂದೆ ಹೇಳುವಂತಿಲ್ಲ.